ಹಿಂಡು ಒಡೆಯುವ ಹೊತ್ತು: ಮನೆಯ ತೊಟ್ಟಿಯಲ್ಲಿ ಜೀಬ್ರಾ ಮೀನು ತತ್ತಿ ಇಡುವುದನ್ನು ನೋಡುವ ಬಗೆ

(ವಿಜಯಪುರದಲ್ಲಿ ವಿಜ್ಞಾನ ಶಿಕ್ಷಕರು, ವಿದ್ಯಾರ್ಥಿಗಳು ಮತ್ತು ಮನೆಯಲ್ಲಿ ಮೀನು ಸಾಕುವವರು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಏಳೆಂಟು ಜೀಬ್ರಾ ಮೀನುಗಳಿರುವ ಗಾಜಿನ ತೊಟ್ಟಿ ಇದ್ದರೆ, ಇಂದು ನಸುಕಿನಲ್ಲಿ ಅದರೊಳಗೆ ತತ್ತಿ ಬಿದ್ದಿರುವ ಸಾಧ್ಯತೆ ಬಹಳ ಇದೆ. ನೀವು ಎದ್ದು ಮುಖ ತೊಳೆದು ಚಹಾಕ್ಕೆ ಕೂಡುವಷ್ಟರಲ್ಲಿ ಆ ತತ್ತಿಗಳಲ್ಲಿ ಹೆಚ್ಚಿನವು ಅದೇ ಮೀನುಗಳ ಹೊಟ್ಟೆ ಸೇರಿರುತ್ತವೆ. ಹೀಗಾಗಿ ವರ್ಷಗಟ್ಟಲೆ ಮೀನು ಸಾಕಿದವರೂ ‘ನಮ್ಮ ಮೀನು ಒಮ್ಮೆಯೂ ತತ್ತಿ ಇಟ್ಟಿಲ್ಲ’ ಎನ್ನುತ್ತಾರೆ. ಇಟ್ಟಿರುತ್ತವೆ, ನೋಡಿದವರಿಲ್ಲ.

ಮರಿ ಮಾಡಿಸಿ ಮಾರುವ ದಾರಿಯನ್ನು ನಾನು ಇಂದು ಹೇಳುವುದಿಲ್ಲ. ಅದಕ್ಕೆ ಬೇರೆ ಬಲ್ಲವರಿದ್ದಾರೆ. ನನಗೆ ಹೇಳಬೇಕಾಗಿರುವುದು ನೋಡುವ ಬಗೆ, ಅದರಲ್ಲೂ ಒಂದು ಸಂಗತಿ. ಹಿಂಡಿನಲ್ಲಿ ಬದುಕುವ ಮೀನು ತತ್ತಿ ಇಡುವ ಹೊತ್ತಿಗೆ ಹಿಂಡನ್ನು ಬಿಡುತ್ತದೆ. ಇಡೀ ದಿನ ಒಂದರ ಹಾಗೆ ಇನ್ನೊಂದು ಕಾಣುವ, ಒಟ್ಟಿಗೆ ತಿರುಗುವ, ಒಟ್ಟಿಗೆ ನಿಲ್ಲುವ ಮೀನುಗಳು ಆ ಒಂದು ಗಂಟೆಯಲ್ಲಿ ಒಂದೊಂದೂ ತನ್ನ ತನ್ನ ಸ್ವಭಾವವನ್ನು ತೋರಿಸುತ್ತವೆ. ಯಾವುದು ಮುನ್ನುಗ್ಗುತ್ತದೆ, ಯಾವುದು ಜಾಗ ಕಾಯುತ್ತದೆ, ಯಾವುದು ಅಂಚಿನಲ್ಲಿ ಹೊಂಚು ಹಾಕುತ್ತದೆ ಎಂದು ಬರಿಗಣ್ಣಿಗೆ ತಿಳಿಯುತ್ತದೆ. ಮೀನಿನ ಬಗ್ಗೆ ಪುಸ್ತಕ ಓದಿ ತಿಳಿದದ್ದಕ್ಕಿಂತ ಹೆಚ್ಚನ್ನು ನಾನು ಈ ಹೊತ್ತಿನಲ್ಲಿ ತೊಟ್ಟಿಯ ಮುಂದೆ ಕುಳಿತು ಕಲಿತಿದ್ದೇನೆ.

ಮೊದಲೇ ಒಂದು ಮಾತು. ‘ನಮ್ಮ ಮನೆಯಲ್ಲಿ ಮೀನು ಮರಿ ಹಾಕಿದೆ’ ಎಂದು ಹೇಳುವವರ ಮನೆಯಲ್ಲಿ ಇರುವುದು ಹೆಚ್ಚಾಗಿ ಗಪ್ಪಿ ಅಥವಾ ಮೋಲಿ. ಅವು ತತ್ತಿ ಇಡುವುದಿಲ್ಲ, ಈಜುವ ಮರಿಗಳನ್ನೇ ಹೆರುತ್ತವೆ. ಸೊಳ್ಳೆ ನಿಯಂತ್ರಣಕ್ಕೆಂದು ಆರೋಗ್ಯ ಇಲಾಖೆಯವರು ಬಾವಿ, ತೊಟ್ಟಿಗಳಿಗೆ ಬಿಡುವುದೂ ಇದೇ ಗಪ್ಪಿಯನ್ನು. ಅದರ ಕಥೆ ಬೇರೆ. ನಾವು ಮಾತಾಡುತ್ತಿರುವುದು ನೀರಿನಲ್ಲಿ ತತ್ತಿ ಚೆಲ್ಲಿ ಹೋಗುವ ಮೀನುಗಳನ್ನು ಕುರಿತು: ಡೇನಿಯೊ, ಬಾರ್ಬ್, ರಾಸ್ಬೋರಾ, ಟೆಟ್ರಾ. ಇವುಗಳಲ್ಲಿ ನಾನು ಜೀಬ್ರಾ ಡೇನಿಯೊವನ್ನೇ, ಅಂದರೆ ಜೀಬ್ರಾ ಮೀನನ್ನೇ, ಆರಿಸಿಕೊಂಡಿದ್ದೇನೆ. ವಿಜಯಪುರದ ಯಾವ ಮೀನಿನ ಅಂಗಡಿಯಲ್ಲಾದರೂ ಸಿಗುತ್ತದೆ, ಅಗ್ಗ, ಗಟ್ಟಿ ಜೀವ. ಎಲ್ಲಕ್ಕಿಂತ ಮುಖ್ಯವಾಗಿ, ಅದು ನಮ್ಮ ದೇಶದ ಮೀನು.

ಈ ಮೀನಿಗೆ ಮೊದಲ ವೈಜ್ಞಾನಿಕ ಹೆಸರು ಕೊಟ್ಟವನು ಕನ್ನಡ ನಾಡಿನ ಇತಿಹಾಸ ಓದಿದವರಿಗೆಲ್ಲ ಪರಿಚಿತ. ಟಿಪ್ಪುವಿನ ಪತನದ ಬೆನ್ನಿಗೇ, 1800-01ರಲ್ಲಿ, ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿ ಬೆಳೆ, ಮಣ್ಣು, ಜಾತಿ, ಕಸುಬುಗಳನ್ನೆಲ್ಲ ಬರೆದಿಟ್ಟ ಫ್ರಾನ್ಸಿಸ್ ಬುಕಾನನ್. ಮುಂದೆ ಆತ ಹ್ಯಾಮಿಲ್ಟನ್ ಎಂಬ ಹೆಸರನ್ನು ಇಟ್ಟುಕೊಂಡ. ಗಂಗೆ ಮತ್ತು ಅದರ ಉಪನದಿಗಳ ಮೀನುಗಳನ್ನು ಕುರಿತ ಅವನ ಗ್ರಂಥ 1822ರಲ್ಲಿ ಹೊರಬಂತು. ನಮ್ಮ ಜೀಬ್ರಾ ಮೀನು ಅದರಲ್ಲಿದೆ. ಊರೂರು ನಿಂತು ರೈತನ ಕೂರಿಗೆಯನ್ನು ಅಳೆದ ಕಣ್ಣೇ ಬೆರಳುದ್ದದ ಮೀನಿನ ಪಟ್ಟೆಗಳನ್ನೂ ನೋಡಿತು ಎಂಬುದು ನನಗೆ ತುಂಬ ಇಷ್ಟವಾದ ವಿಷಯ.

ಈಗ ಹಿಂಡಿನ ಮಾತು. ಮೀನುಗಳು ಹಿಂಡಾಗಿ ಇರುವುದು ಏಕೆ? ಹಿಂಡಿನಲ್ಲಿ ಇದ್ದರೆ ದೊಡ್ಡ ಮೀನಿಗೋ ಕೊಕ್ಕರೆಗೋ ಗುರಿ ಹಿಡಿಯುವುದು ಕಷ್ಟ. ಹತ್ತು ಜೋಡಿ ಕಣ್ಣುಗಳಲ್ಲಿ ಯಾವುದೋ ಒಂದು ಅಪಾಯವನ್ನು ಮೊದಲು ಕಾಣುತ್ತದೆ. ಕಣ್ಣಿನ ಜೊತೆಗೆ, ಪಕ್ಕೆಯುದ್ದಕ್ಕೂ ಇರುವ ಪಾರ್ಶ್ವರೇಖೆ ಎಂಬ ಇಂದ್ರಿಯದಿಂದ ನೆರೆಯ ಮೀನಿನ ಅಲುಗಾಟವನ್ನು ನೀರಿನ ಒತ್ತಡದ ಮೂಲಕವೇ ಅವು ಅರಿಯುತ್ತವೆ. ಜೀಬ್ರಾ ಮೀನು ಯಾರ ಹಿಂಡಿಗೆ ಸೇರುತ್ತದೆ ಎಂಬುದರಲ್ಲಿ ಕಲಿಕೆಯ ಪಾಲೂ ಇದೆ. ಪಟ್ಟೆಯಿಲ್ಲದ ಮೀನುಗಳ ನಡುವೆ ಬೆಳೆದ ಮರಿ ದೊಡ್ಡದಾದ ಮೇಲೆ ಪಟ್ಟೆಯಿಲ್ಲದ ಮೀನುಗಳ ಜೊತೆಯನ್ನೇ ಬಯಸುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಯಾರ ಜೊತೆ ಬೆಳೆಯಿತೋ ಅವರೇ ತನ್ನವರು.

ನೋಡಲು ಕೂಡುವವರಿಗೆ ಇದರ ಇನ್ನೊಂದು ಮುಖ ಬಹಳ ಮುಖ್ಯ. ಜೇನ್ನೊಣಗಳ ಕುಣಿತದ ಅರ್ಥ ಬಿಡಿಸಿದ, 1973ರಲ್ಲಿ ನೊಬೆಲ್ ಪಡೆದ ಕಾರ್ಲ್ ಫಾನ್ ಫ್ರಿಶ್ 1938ರಲ್ಲಿ ಮೀನುಗಳ ಬಗ್ಗೆಯೂ ಒಂದು ಸಂಗತಿಯನ್ನು ಪ್ರಕಟಿಸಿದರು. ಒಂದು ಸಣ್ಣ ಮೀನಿನ ಚರ್ಮ ಹರಿದರೆ ಅದರಿಂದ ನೀರಿಗೆ ಸೇರುವ ವಸ್ತುವನ್ನು ಮೂಸಿ ಉಳಿದ ಮೀನುಗಳು ಬೆದರುತ್ತವೆ, ಒತ್ತಾಗಿ ಸೇರಿ ತಳಕ್ಕೆ ಇಳಿಯುತ್ತವೆ. ಡೇನಿಯೊ, ಬಾರ್ಬ್, ಟೆಟ್ರಾ ಎಲ್ಲಕ್ಕೂ ಈ ಗುಣವಿದೆ. ಆದ್ದರಿಂದ ಸಂಜೆ ಬಲೆ ಹಾಕಿ ಒರಟಾಗಿ ಮೀನು ಹಿಡಿದು, ಒಂದರ ಹುರುಪೆ ಕಿತ್ತರೆ, ಮರುದಿನ ಬೆಳಿಗ್ಗೆ ನಿಮಗೆ ಕಾಣುವುದು ಹೆದರಿ ಮುದುಡಿದ ಹಿಂಡು ಮಾತ್ರ. ಬಲೆಗಿಂತ ಅಗಲ ಬಾಯಿಯ ಡಬ್ಬಿಯಲ್ಲಿ ನೀರಿನ ಸಮೇತ ಎತ್ತುವುದು ಒಳ್ಳೆಯದು.

ಇನ್ನು ನೀರು. ಈ ಊರಿನಲ್ಲಿ ಮೀನಿನ ಮಾತು ನೀರಿನಿಂದಲೇ ಆರಂಭವಾಗಬೇಕು. 1651ರಲ್ಲಿ ಬೇಗಂ ತಾಲಾಬ್ ಎಂಬ ಕೆರೆ ಕಟ್ಟಿಸಿ, ಮಣ್ಣಿನ ಕೊಳವೆಗಳಲ್ಲಿ ನೀರನ್ನು ಪೇಟೆಯವರೆಗೆ ತಂದ ಊರು ಇದು; ನೀರಿನ ಬೆಲೆಯನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಇಂದು ನಮ್ಮ ಮನೆಗಳಿಗೆ ಬರುವುದು ಎರಡು ಬಗೆಯ ನೀರು. ನಲ್ಲಿಯಲ್ಲಿ ಬರುವ ಕೃಷ್ಣೆಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅದನ್ನು ಬಾಯಿ ತೆರೆದ ಬಕೆಟ್ಟಿನಲ್ಲಿ ಒಂದು ದಿನ ಬಿಟ್ಟು, ಸಾಧ್ಯವಾದರೆ ಏರ್ ಪಂಪ್ ಹಾಕಿಟ್ಟು ಬಳಸಿ. ಬೋರ್‌ವೆಲ್ ನೀರು ಗಡಸು; ಚಹಾ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ನೀವೆಲ್ಲ ಕಂಡಿದ್ದೀರಿ. ನಿಯಾನ್ ಟೆಟ್ರಾದಂಥ ದಕ್ಷಿಣ ಅಮೆರಿಕದ ಮೀನು ಈ ನೀರಿನಲ್ಲಿ ಬದುಕಬಹುದು, ಆದರೆ ಅದರ ತತ್ತಿ ಮರಿಯಾಗುವುದು ಅಪರೂಪ. ಜೀಬ್ರಾ ಮೀನು ಹಾಗಲ್ಲ, ಸಾಧಾರಣ ಗಡಸು ನೀರಿಗೆ ಒಗ್ಗಿಕೊಳ್ಳುತ್ತದೆ. ನೀರು ವಿಪರೀತ ಗಡಸಾಗಿದ್ದರೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಒಂದು ಕ್ಯಾನ್ ತಂದು ಅರ್ಧಕ್ಕರ್ಧ ಬೆರೆಸಿ. ಘಟಕದ ನೀರನ್ನೇ ಪೂರ್ತಿ ಹಾಕಬೇಡಿ, ಅದರಲ್ಲಿ ಮೀನಿಗೆ ಬೇಕಾದ ಲವಣಗಳೂ ಇರುವುದಿಲ್ಲ.

ಬಿಸಿಲಿನ ಬಗ್ಗೆಯೂ ಹೇಳಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿದಾಗ ಮನೆಯೊಳಗಿನ ತೊಟ್ಟಿಯ ನೀರೂ ಕಾಯುತ್ತದೆ. ಕಾದ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. ಅಂಥ ದಿನ ಕರೆಂಟ್ ಹೋಗಿ ಪಂಪ್ ನಿಂತರೆ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತವೆ. ತತ್ತಿ ನೋಡುವ ಕೆಲಸವನ್ನು ಮೃಗಶಿರಾ ಮಳೆಯಿಂದ ದೀಪಾವಳಿಯವರೆಗೆ ಇಟ್ಟುಕೊಳ್ಳಿ. ತೊಟ್ಟಿಯ ನೀರು 26ರಿಂದ 28 ಡಿಗ್ರಿ ಇದ್ದರೆ ಸಾಕು, ಹೀಟರ್ ಬೇಕಾಗಿಲ್ಲ.

ಮಳೆಗಾಲ ಎಂದೆ. ಅದಕ್ಕೆ ಬೇರೆ ಕಾರಣವೂ ಇದೆ. ಮೊದಲ ದೊಡ್ಡ ಮಳೆಗೆ ಹಳ್ಳದಲ್ಲಿ ಕೆಂಪು ನೀರು ಬಂದಾಗ ಸಣ್ಣ ಮೀನುಗಳು ಹರಿವಿಗೆ ಎದುರಾಗಿ ಏರಿ, ಹೊಲದಂಚಿನ ತೆಳು ನೀರಿಗೆ ಬರುವುದನ್ನು ಹಳ್ಳಿಯಲ್ಲಿ ಬೆಳೆದವರು ನೋಡಿರುತ್ತೀರಿ. ಹೊಸ ನೀರು ನಿಂತ ಜಾಗದಲ್ಲಿ ಹುಲ್ಲು ಮುಳುಗಿರುತ್ತದೆ, ಕಣ್ಣಿಗೆ ಕಾಣದ ಜೀವಿಗಳು ಹುಟ್ಟಿ ಮರಿಗೆ ಆಹಾರವಾಗುತ್ತವೆ, ದೊಡ್ಡ ಮೀನು ಅಷ್ಟು ತೆಳು ನೀರಿಗೆ ಬರಲಾರದು. ಗಂಗೆ, ಬ್ರಹ್ಮಪುತ್ರೆಗಳ ಬಯಲಿನ ಜೀಬ್ರಾ ಮೀನು ಮಾಡುವುದೂ ಇದನ್ನೇ. ಆ ನೆನಪು ಅದರ ಮೈಯಲ್ಲಿ ಉಳಿದಿದೆ. ಆದ್ದರಿಂದ ತತ್ತಿ ಇಡಿಸುವ ತೊಟ್ಟಿಯಲ್ಲಿ ನೀರಿನ ಆಳ ಹತ್ತು-ಹನ್ನೆರಡು ಸೆಂಟಿಮೀಟರ್ ಇದ್ದರೆ ಸಾಕು. ಹಿಂದಿನ ಸಂಜೆ ಅದಕ್ಕೆ ಸ್ವಲ್ಪ ತಂಪಾದ ಹೊಸ ನೀರನ್ನು ಸೇರಿಸಿದರೆ ಇನ್ನೂ ಒಳ್ಳೆಯದು.

ಹೆಣ್ಣು ಗಂಡು ಗುರುತಿಸಲು ಮೇಲಿನಿಂದ ನೋಡಿ. ಹೆಣ್ಣಿನ ಹೊಟ್ಟೆ ಎರಡೂ ಬದಿಗೆ ಉಬ್ಬಿರುತ್ತದೆ, ಮೈ ಬೆಳ್ಳಿಯ ಬಣ್ಣ. ಗಂಡು ಸಪೂರ, ನೀಲಿ ಪಟ್ಟೆಗಳ ನಡುವಿನ ಜಾಗದಲ್ಲಿ ಹೊಂಬಣ್ಣದ ಛಾಯೆ. ಒಂದು ವಾರ ಚೆನ್ನಾಗಿ ತಿನ್ನಿಸಿ. ಒಣ ಆಹಾರದ ಜೊತೆಗೆ ಸೊಳ್ಳೆಯ ಮರಿಗಳನ್ನು ಕೊಟ್ಟರೆ ಹೆಣ್ಣಿನ ಹೊಟ್ಟೆ ಬೇಗ ತುಂಬುತ್ತದೆ. ಆದರೆ ಇದಕ್ಕಾಗಿ ಮನೆಯ ಹಿಂದೆ ನೀರು ನಿಲ್ಲಿಸಿಟ್ಟು ಸೊಳ್ಳೆ ಬೆಳೆಸಬೇಡಿ. ಡೆಂಗಿ ಬರುವ ಊರಿನಲ್ಲಿ ಅದು ನೆರೆಹೊರೆಯವರಿಗೆ ಮಾಡುವ ಅನ್ಯಾಯ.

ಸಂಜೆ ಒಂದು ಸಣ್ಣ ತೊಟ್ಟಿಯ ತಳಕ್ಕೆ ಗೋಲಿಗುಂಡುಗಳನ್ನು ತೊಳೆದು ಎರಡು ಪದರ ಹರಡಿ. ತತ್ತಿಗಳು ಅಂಟುವುದಿಲ್ಲ, ನೀರಿಗಿಂತ ಭಾರ, ಸೀದಾ ಗೋಲಿಗಳ ಸಂದಿಗೆ ಇಳಿದು ಉಳಿಯುತ್ತವೆ. ಎರಡು ಗಂಡು, ಒಂದು ಅಥವಾ ಎರಡು ಹೆಣ್ಣು. ನಡುವೆ ಒಂದು ಪ್ಲಾಸ್ಟಿಕ್ ಜಾಲರಿಯನ್ನು ನಿಲ್ಲಿಸಿ ಗಂಡು ಒಂದು ಕಡೆ, ಹೆಣ್ಣು ಒಂದು ಕಡೆ ಇರಲಿ. ಜಾಲರಿಯೇ ಏಕೆ, ಗಾಜಿನ ಹಲಗೆ ಏಕೆ ಬೇಡ ಎಂದು ಕೇಳಬಹುದು. ರಾತ್ರಿಯಿಡೀ ನೀರು ಆ ಕಡೆಯಿಂದ ಈ ಕಡೆಗೆ ಹರಿಯಬೇಕು. ಗಂಡಿನ ಮೈಯಿಂದ ನೀರಿಗೆ ಸೇರುವ ರಾಸಾಯನಿಕಗಳು ಹೆಣ್ಣಿನ ಅಂಡಾಶಯವನ್ನು ಸಿದ್ಧಗೊಳಿಸುತ್ತವೆ. ತತ್ತಿ ಪಕ್ವವಾದಾಗ ಹೆಣ್ಣು ಹೊರಬಿಡುವ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುವಿನ ವಾಸನೆ ಗಂಡನ್ನು ಎಬ್ಬಿಸುತ್ತದೆ. ಬೆಳಗಿನ ಆಟ ರಾತ್ರಿಯ ಕತ್ತಲೆಯಲ್ಲೇ ಶುರುವಾಗಿರುತ್ತದೆ.

ಆ ಕತ್ತಲೆ ನಿಜವಾದ ಕತ್ತಲೆ ಆಗಿರಬೇಕು. ನಮ್ಮ ಮನೆಗಳ ದೊಡ್ಡ ತೊಡಕು ಇದೇ. ತೊಟ್ಟಿ ಇರುವುದು ಹಾಲ್‌ನಲ್ಲಿ, ಟಿ.ವಿ. ಪಕ್ಕದಲ್ಲಿ. ರಾತ್ರಿ ಹನ್ನೊಂದರವರೆಗೆ ದೀಪ, ಬೆಳಿಗ್ಗೆ ಯಾರೋ ಎದ್ದು ಒಂದು ದೀಪ ಹಾಕುತ್ತಾರೆ, ಆರಿಸುತ್ತಾರೆ. ಮೀನಿಗೆ ಯಾವುದು ನಸುಕು ಎಂದು ತಿಳಿಯಬೇಕಲ್ಲ? ಪ್ರಯೋಗಾಲಯಗಳಲ್ಲಿ ಹದಿನಾಲ್ಕು ಗಂಟೆ ಬೆಳಕು, ಹತ್ತು ಗಂಟೆ ಕತ್ತಲೆ ಎಂಬ ಕಟ್ಟುನಿಟ್ಟು ಇರುತ್ತದೆ. ಮನೆಯಲ್ಲಿ ಒಂದು ದಪ್ಪ ಕಪ್ಪು ಬಟ್ಟೆ ಸಾಕು. ರಾತ್ರಿ ತೊಟ್ಟಿಗೆ ಹೊದಿಸಿ, ಬೆಳಿಗ್ಗೆ ನೀವು ತೆಗೆದಾಗಲೇ ಅವುಗಳಿಗೆ ಬೆಳಗಾಗಲಿ.

ಈಗ ಆ ಬೆಳಗನ್ನು ನಿಧಾನವಾಗಿ ನೋಡೋಣ.

ಬಟ್ಟೆ ಸರಿಸುವ ಮೊದಲೇ ಜಾಲರಿಯನ್ನು ಮೆಲ್ಲನೆ ಎತ್ತಿ, ಒಂದು ಕೈ ದೂರ ಹಿಂದೆ ಸರಿದು ಕುಳಿತುಬಿಡಿ. ಬೆಳಕು ಬಿದ್ದ ಕೂಡಲೇ ಏನೂ ಆಗುವುದಿಲ್ಲ. ಮೀನುಗಳು ಒಂದು ಮೂಲೆಯಲ್ಲಿ ಒಟ್ಟಾಗಿ, ತಲೆ ಒಂದೇ ದಿಕ್ಕಿಗೆ ಇಟ್ಟು ನಿಂತಿರುತ್ತವೆ. ಇದು ನೀವು ದಿನವೂ ನೋಡುವ ಹಿಂಡು. ಕೆಲವು ನಿಮಿಷ ಕಳೆದ ಮೇಲೆ ಒಂದು ಗಂಡು ಆ ಸಾಲಿನಿಂದ ಹೊರಬರುತ್ತದೆ. ಅದರ ಹೊಂಬಣ್ಣ ಆಗಲೇ ಗಾಢವಾಗಿರುತ್ತದೆ. ಅದು ಹೆಣ್ಣಿನ ಪಕ್ಕಕ್ಕೆ ಬಂದು, ಮೂತಿಯಿಂದ ಅದರ ಹೊಟ್ಟೆಯ ಕೆಳಗೆ, ಬಾಲದ ಬುಡಕ್ಕೆ ಮುಟ್ಟುತ್ತದೆ. ಹೆಣ್ಣು ಸರಕ್ಕನೆ ಸರಿದುಹೋಗುತ್ತದೆ. ಗಂಡು ಬಿಡುವುದಿಲ್ಲ. ಅದರ ಸುತ್ತ ಒಂದು ಸುತ್ತು ಹಾಕಿ, ಮುಂದೆ ಹೋಗಿ ಗೋಲಿಗಳ ಮೇಲೆ ನಿಂತು, ಮತ್ತೆ ತಿರುಗಿ ಬರುತ್ತದೆ. ಈ ಹೋಗಿ ಬರುವುದನ್ನು ಗಮನಿಸಿ. ಅದು ಒಂದು ಜಾಗವನ್ನು ಆರಿಸಿಕೊಂಡಿದೆ, ಅಲ್ಲಿಗೆ ಕರೆಯುತ್ತಿದೆ.

ಅಷ್ಟರಲ್ಲಿ ಎರಡನೆಯ ಗಂಡು ಎಚ್ಚೆತ್ತಿರುತ್ತದೆ. ಎರಡೂ ಗಂಡುಗಳು ರೆಕ್ಕೆಗಳನ್ನು ಬಿಚ್ಚಿ ಪಕ್ಕೆಗೆ ಪಕ್ಕೆ ಕೊಟ್ಟು ನಿಲ್ಲುತ್ತವೆ, ಒಂದು ಇನ್ನೊಂದನ್ನು ಅಟ್ಟುತ್ತದೆ. ಜಾಗ ಹಿಡಿದದ್ದು ಗೆದ್ದರೆ ಸೋತದ್ದು ಹಿಂಡಿನ ಮೂಲೆಗೆ ಹಿಂದಿರುಗುವುದಿಲ್ಲ. ತೊಟ್ಟಿಯ ಅಂಚಿನಲ್ಲಿ, ನೀರಿನ ಮೇಲ್ಭಾಗದಲ್ಲಿ ಕಾದು ನಿಲ್ಲುತ್ತದೆ. ತೊಟ್ಟಿಯಲ್ಲಿ ಮೀನು ಹೆಚ್ಚಾದರೆ ಜಾಗ ಕಾಯುವುದೇ ನಿಂತುಹೋಗುತ್ತದೆ, ಎಲ್ಲ ಗಂಡುಗಳೂ ಒಂದೇ ಹೆಣ್ಣಿನ ಹಿಂದೆ ಓಡುತ್ತವೆ. ಆ ಗದ್ದಲದಲ್ಲಿ ನಿಮಗೆ ಏನೂ ತಿಳಿಯುವುದಿಲ್ಲ. ಕಡಿಮೆ ಮೀನು ಇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಹೆಣ್ಣು ಒಪ್ಪುವುದು ನೋಡಬೇಕಾದದ್ದು. ಅಲ್ಲಿಯವರೆಗೆ ಓಡುತ್ತಿದ್ದದ್ದು ತಾನಾಗಿ ಕೆಳಕ್ಕೆ ಇಳಿದು, ಗೋಲಿಗಳ ಮೇಲೆ ಮೂತಿ ತಾಗುವಷ್ಟು ಹತ್ತಿರ ಬಂದು, ನಿಲ್ಲುತ್ತದೆ. ಗಂಡು ಪಕ್ಕಕ್ಕೆ ಬಂದು ತಲೆಗೆ ತಲೆ ಸಮನಾಗಿ ನಿಂತು, ತನ್ನ ಮೈಯ ಹಿಂಭಾಗವನ್ನು ಹೆಣ್ಣಿನ ಬೆನ್ನಿನ ಮೇಲೆ ಬಳಸುತ್ತದೆ. ಎರಡೂ ಒಟ್ಟಿಗೆ ನಡುಗುತ್ತವೆ. ಒಂದೆರಡು ಸೆಕೆಂಡು, ಅಷ್ಟೇ. ಮೊಬೈಲಿನ ನಿಧಾನ ಚಲನೆಯ ವಿಡಿಯೊ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಫ್ಲ್ಯಾಶ್ ಮಾತ್ರ ಬೇಡ. ಆ ನಡುಕದಲ್ಲಿ ಹೆಣ್ಣು ಹತ್ತಾರು ತತ್ತಿಗಳನ್ನು, ಗಂಡು ವೀರ್ಯವನ್ನು ಬಿಡುತ್ತದೆ. ತತ್ತಿಯ ಪೊರೆಯಲ್ಲಿ ವೀರ್ಯಾಣು ಒಳಹೋಗಲು ಒಂದೇ ಒಂದು ಸಣ್ಣ ರಂಧ್ರವಿದೆ. ಸಿಹಿನೀರಿಗೆ ಬಿದ್ದ ವೀರ್ಯಾಣು ಒಂದೆರಡು ನಿಮಿಷಕ್ಕಿಂತ ಹೆಚ್ಚು ಹೊತ್ತು ಚುರುಕಾಗಿರುವುದಿಲ್ಲ. ಅಷ್ಟು ಕರಾರುವಾಕ್ಕಾಗಿ ಒತ್ತಿ ನಿಲ್ಲುವುದು ಏಕೆ ಎಂಬುದಕ್ಕೆ ಉತ್ತರ ಇಲ್ಲಿದೆ. ಅಂಚಿನಲ್ಲಿ ಕಾಯುತ್ತಿದ್ದ ಎರಡನೆಯ ಗಂಡು ಬಾಣದಂತೆ ನುಗ್ಗಿ ಬರುವುದೂ ಇದೇ ಕ್ಷಣದಲ್ಲಿ.

ಹೀಗೆ ಮತ್ತೆ ಮತ್ತೆ, ಸುಮಾರು ಒಂದು ಗಂಟೆಯವರೆಗೆ ನಡೆಯುತ್ತದೆ. ಒಟ್ಟು ನೂರು, ಇನ್ನೂರು ತತ್ತಿಗಳು ಬೀಳಬಹುದು. ನಂತರ ಮೀನುಗಳು ಗೋಲಿಗಳ ನಡುವೆ ಮೂತಿ ತೂರಿಸಿ ಹುಡುಕತೊಡಗುತ್ತವೆ. ಆಟ ಮುಗಿಯಿತು, ಊಟ ಶುರುವಾಯಿತು ಎಂದು ತಿಳಿದು ಆಗಲೇ ದೊಡ್ಡ ಮೀನುಗಳನ್ನು ಹಳೆಯ ತೊಟ್ಟಿಗೆ ಸಾಗಿಸಿ. ಅಲ್ಲಿಗೆ ಹೋದ ಕೆಲವೇ ನಿಮಿಷಗಳಲ್ಲಿ ಅವು ಮತ್ತೆ ಹಿಂಡಾಗಿ, ಒಂದೇ ದಿಕ್ಕಿಗೆ ತಲೆ ಇಟ್ಟು ಈಜುತ್ತಿರುತ್ತವೆ. ಯಾವುದು ಜಾಗ ಕಾದದ್ದು, ಯಾವುದು ನುಗ್ಗಿದ್ದು ಎಂದು ಈಗ ಹೊರಗಿನವರು ಹೇಳಲಾರರು. ನೀವು ಹೇಳಬಲ್ಲಿರಿ, ಪಟ್ಟೆಯ ಒಂದು ಮುರುಕನ್ನೋ ರೆಕ್ಕೆಯ ಒಂದು ಕಚ್ಚನ್ನೋ ನೋಡಿ ಬರೆದಿಟ್ಟುಕೊಂಡಿದ್ದರೆ. ಆದ್ದರಿಂದ ನೋಟ್‌ಬುಕ್ಕು ಇರಲಿ. ಗಂಟೆ, ನೀರಿನ ಉಷ್ಣತೆ, ಯಾವ ಮೀನು, ಏನು ಮಾಡಿತು. ‘ಸಂತೋಷವಾಗಿತ್ತು’, ‘ಸಿಟ್ಟಾಯಿತು’ ಎಂದು ಬರೆಯಬೇಡಿ. ಕಂಡದ್ದನ್ನು ಬರೆಯಿರಿ: ಅಟ್ಟಿತು, ನಿಂತಿತು, ಮುಟ್ಟಿತು, ಸರಿಯಿತು. ಕೆಲವು ಬೆಳಗುಗಳ ಟಿಪ್ಪಣಿ ಸೇರಿದ ಮೇಲೆ ಒಂದೊಂದು ಮೀನಿನ ನಡತೆ ತಾನಾಗಿ ಎದ್ದು ಕಾಣುತ್ತದೆ.

ತತ್ತಿಗಳ ಕಡೆಗೆ ಬರೋಣ. ಗೋಲಿಗಳನ್ನು ತೆಗೆದು, ಏರ್ ಪಂಪಿನ ಸಣ್ಣ ಪೈಪಿನಿಂದ ತಳದ ನೀರನ್ನು ಒಂದು ಗಾಜಿನ ಬಟ್ಟಲಿಗೆ ಎಳೆದುಕೊಳ್ಳಿ. ಬಟ್ಟಲಿನ ಕೆಳಗೆ ಕಪ್ಪು ಕಾಗದ ಇಡಿ. ಗಸಗಸೆ ಕಾಳಿನಷ್ಟು ಗಾತ್ರದ, ಗಾಜಿನಷ್ಟು ಪಾರದರ್ಶಕವಾದ ಮಣಿಗಳು ಕಾಣುತ್ತವೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ, ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥದು, ಇದ್ದರೆ ಸಾಕು. ಶಾಲೆಯ ಸೂಕ್ಷ್ಮದರ್ಶಕ ಸಿಕ್ಕರೆ ಅದೃಷ್ಟ.

ಪೊರೆಯೊಳಗೆ ಹಳದಿ ಬಂಡಾರದ, ಅಂದರೆ ಮರಿಗೆ ಆಹಾರವಾಗುವ ಹಳದಿ ಭಾಗದ, ಒಂದು ಗುಂಡು, ಅದರ ಒಂದು ತುದಿಯಲ್ಲಿ ಸಣ್ಣ ಗುಬುಟು. ಆ ಗುಬುಟೇ ಮೊದಲ ಜೀವಕೋಶ. ನೀರು 28 ಡಿಗ್ರಿಯ ಸುಮಾರಿಗೆ ಇದ್ದರೆ ತತ್ತಿ ಬಿದ್ದ ಮುಕ್ಕಾಲು ಗಂಟೆಗೆ ಅದು ಎರಡಾಗುತ್ತದೆ. ಆಮೇಲೆ ಹದಿನೈದು ನಿಮಿಷಕ್ಕೊಮ್ಮೆ ನಾಲ್ಕು, ಎಂಟು, ಹದಿನಾರು. ಇದು ಕಣ್ಣೆದುರೇ ನಡೆಯುತ್ತದೆ; ನೀವು ಉಪ್ಪಿಟ್ಟು ತಿಂದು ಬರುವಷ್ಟರಲ್ಲಿ ಎರಡು ಬಾರಿ ಒಡೆದಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಜೀವಕೋಶಗಳ ಹಾಳೆ ಬಂಡಾರದ ಅರ್ಧಭಾಗವನ್ನು ಮುಚ್ಚಿರುತ್ತದೆ. ಸಂಜೆಗೆ ಬಾಲದ ಮೊಗ್ಗು. ರಾತ್ರಿ ಬೆನ್ನಿನ ಗೆಣ್ಣುಗಳು ಒಂದೊಂದಾಗಿ ಮೂಡುತ್ತವೆ. ಮರುದಿನ ಬೆಳಿಗ್ಗೆ ನೋಡಿ: ಕಣ್ಣುಗಳಿವೆ, ಬಾಲ ಆಗಾಗ ಜುಮ್ಮೆಂದು ಅಲುಗುತ್ತದೆ, ಹಳದಿ ಬಂಡಾರದ ಮುಂಭಾಗದಲ್ಲಿ ಹೃದಯ ಮಿಡಿಯುತ್ತಿದೆ. ಇಪ್ಪತ್ತನಾಲ್ಕು ಗಂಟೆ! ಸೂಕ್ಷ್ಮದರ್ಶಕದಲ್ಲಿ ಆ ಮಿಡಿತವನ್ನು ಮೊದಲ ಸಲ ನೋಡಿದ ಮಕ್ಕಳು ಯಾರೂ ಜಾಗ ಬಿಟ್ಟು ಏಳುವುದಿಲ್ಲ. ಎರಡರಿಂದ ಮೂರು ದಿನಕ್ಕೆ ಮರಿ ಪೊರೆ ಹರಿದು ಹೊರಬರುತ್ತದೆ.

ಹೀಗೆ ಹೊರಗಿನಿಂದಲೇ ಎಲ್ಲ ಕಾಣುವುದರಿಂದ ಈ ಮೀನು ಪ್ರಪಂಚದ ಪ್ರಯೋಗಾಲಯಗಳಿಗೆ ಹೋಯಿತು. ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಸ್ಟ್ರೈಸಿಂಗರ್ 1981ರಲ್ಲಿ ಜೀಬ್ರಾ ಮೀನಿನ ತದ್ರೂಪಿಗಳನ್ನು ಪಡೆದ ವರದಿ ಪ್ರಕಟಿಸಿದರು. 2013ರಲ್ಲಿ ಅದರ ಇಡೀ ಜೀನೋಮ್ (ಎಲ್ಲ ಜೀನ್‌ಗಳೂ ಸೇರಿದ ಆನುವಂಶಿಕ ಮಾಹಿತಿ) ಪ್ರಕಟವಾದಾಗ, ಮನುಷ್ಯರ ಜೀನ್‌ಗಳಲ್ಲಿ ಸುಮಾರು ನೂರಕ್ಕೆ ಎಪ್ಪತ್ತಕ್ಕೆ ಹೊಂದುವ ಜೀನ್ ಈ ಮೀನಿನಲ್ಲಿದೆ ಎಂದು ತಿಳಿಯಿತು. ಕತ್ತರಿಸಿದ ಹೃದಯದ ಭಾಗವನ್ನು ಅದು ಮತ್ತೆ ಬೆಳೆಸಿಕೊಳ್ಳುತ್ತದೆ ಎಂಬುದು 2002ರಲ್ಲಿ ಗೊತ್ತಾಯಿತು. ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದಲ್ಲೂ (ಸಿ.ಸಿ.ಎಂ.ಬಿ.) ಈ ಮೀನಿನ ಮೇಲೆ ಸಂಶೋಧನೆ ನಡೆಯುತ್ತದೆ. ನಮ್ಮ ನದಿಯ ಮೀನು ಬೇರೆ ದೇಶಗಳಲ್ಲಿ ಹೆಸರು ಮಾಡಿ, ಇಲ್ಲಿ ಅಂಗಡಿಯ ಅಗ್ಗದ ಮೀನಾಗಿ ಉಳಿದಿರುವುದು ನನಗೆ ನೋವಿನ ಸಂಗತಿ. ನಮ್ಮ ಮಕ್ಕಳು ಅದನ್ನು ನೋಡಬೇಕು.

ಬಿಳಿಯಾದ ತತ್ತಿಗಳು ಸತ್ತವು. ಬೂಸು ಹಿಡಿದು ಪಕ್ಕದ ತತ್ತಿಗೂ ಹಬ್ಬುತ್ತದೆ, ಅವುಗಳನ್ನು ದಿನವೂ ತೆಗೆಯಿರಿ. ಅಂಗಡಿಯಲ್ಲಿ ಸಿಗುವ ಮೆಥಿಲೀನ್ ಬ್ಲೂ ಒಂದು ಹನಿ ಹಾಕಬಹುದು. ಹೊರಬಂದ ಮರಿ ಮೊದಲು ಗಾಜಿಗೆ ಅಂಟಿಕೊಂಡು ನೇತಾಡುತ್ತದೆ, ಬಂಡಾರವನ್ನೇ ಉಣ್ಣುತ್ತದೆ. ಐದನೆಯ ದಿನದ ಹೊತ್ತಿಗೆ ಗಾಳಿಚೀಲ ತುಂಬಿ ಈಜತೊಡಗಿದಾಗ ಹಸಿರು ನೀರಿನ ಸೂಕ್ಷ್ಮಜೀವಿಗಳನ್ನು ಕೊಡಿ, ನಂತರ ಆರ್ಟೀಮಿಯಾ ಎಂಬ ಸಣ್ಣ ಸಿಗಡಿಯಂಥ ಜೀವಿಯ ಮರಿಗಳನ್ನು. ಮೂರು ತಿಂಗಳಿಗೆ ಅವೇ ತತ್ತಿ ಇಡುವ ವಯಸ್ಸಿಗೆ ಬರುತ್ತವೆ.

ಬೇರೆ ಮೀನುಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ರೋಸಿ ಬಾರ್ಬ್ ನಮ್ಮ ದೇಶದ್ದೇ, ಅದರ ತತ್ತಿ ಅಂಟುವಂಥದು. ತಳದಲ್ಲಿ ಗೋಲಿಯ ಬದಲು ಜಾವಾ ಪಾಚಿ ಅಥವಾ ಹಸಿರು ಉಲ್ಲನ್ ದಾರದ ಕುಚ್ಚು ಇಡಿ. ಹಾರ್ಲೆಕ್ವಿನ್ ರಾಸ್ಬೋರಾ ಹೊಟ್ಟೆ ಮೇಲಾಗಿ ತಿರುಗಿ ಎಲೆಯ ಅಡಿಭಾಗಕ್ಕೆ ತತ್ತಿ ಅಂಟಿಸುತ್ತದೆ, ಆ ದೃಶ್ಯ ಒಮ್ಮೆ ನೋಡಬೇಕು. ಬೆಳಗಾವಿಯ ಚಳಿಯಲ್ಲಿ ಹೀಟರ್ ಇಲ್ಲದೆ ಸಾಕುವವರಿಗೆ ಚೀನಾ ಮೂಲದ ವೈಟ್ ಕ್ಲೌಡ್ ಒಳ್ಳೆಯ ಮೀನು. ನಿಯಾನ್ ಟೆಟ್ರಾವನ್ನು ಕೊನೆಗೆ ಇಟ್ಟುಕೊಳ್ಳಿ; ಅದಕ್ಕೆ ಮೆದು ನೀರು ಬೇಕು, ತತ್ತಿಗೆ ಬೆಳಕು ಆಗದು.

ಉಪನ್ಯಾಸದ ನಂತರ ಕೆಲವು ಪ್ರಶ್ನೆಗಳು ಬಂದವು. ತಾಯಿ ತನ್ನ ತತ್ತಿಯನ್ನೇ ತಿನ್ನುವುದು ಹೇಗೆ ಸರಿ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಅವಳ ಸಂಕಟ ನನಗೆ ಅರ್ಥವಾಯಿತು. ಹೊಳೆಯಲ್ಲಿ ತತ್ತಿ ಹರಳಿನ ಸಂದಿಗೆ ಇಳಿದುಬಿಡುತ್ತದೆ, ಮೀನು ಮುಂದೆ ಹೋಗುತ್ತದೆ. ತತ್ತಿಯನ್ನು ಗುರುತಿಸಿ ಕಾಯುವ ಅಗತ್ಯ ಅದಕ್ಕೆ ಬಂದಿಲ್ಲ. ಎರಡು ಅಡಿಯ ಗಾಜಿನೊಳಗೆ ಅದು ಮುಂದೆ ಹೋಗಲು ಜಾಗವಿಲ್ಲ. ಹಾಗೆ ತಿನ್ನುವಂತೆ ಮಾಡಿದ್ದು ನಾವು ಕೊಟ್ಟ ಜಾಗ.

ಶಾಲೆಯಲ್ಲಿ ಇದನ್ನು ತೋರಿಸುವುದು ಹೇಗೆ, ಮಕ್ಕಳು ಬರುವ ಹೊತ್ತಿಗೆ ಎಲ್ಲ ಮುಗಿದಿರುತ್ತದಲ್ಲ ಎಂದು ಒಬ್ಬ ಶಿಕ್ಷಕರು ಕೇಳಿದರು. ಶನಿವಾರ ಬೆಳಗಿನ ಶಾಲೆ ಇರುತ್ತದೆ. ಒಂದೆರಡು ವಾರ ಮೊದಲಿನಿಂದಲೇ ದಿನವೂ ತೊಟ್ಟಿಯ ಕಪ್ಪು ಬಟ್ಟೆಯನ್ನು ಬೆಳಿಗ್ಗೆ ಎಂಟೂವರೆಗೆ ತೆಗೆಯಿರಿ, ರಾತ್ರಿ ಹತ್ತೂವರೆಗೆ ಹೊದಿಸುವ ವ್ಯವಸ್ಥೆ ಮಾಡಿ, ನಡುವೆ ದೀಪ ಉರಿಯಲಿ. ಮೀನುಗಳ ನಸುಕು ಎಂಟೂವರೆಗೆ ಸರಿಯುತ್ತದೆ. ಪ್ರಾರ್ಥನೆ ಮುಗಿಸಿ ಮಕ್ಕಳು ಸುಮ್ಮನೆ ಸುತ್ತ ಕೂಡಬಹುದು. ತತ್ತಿ ಸಿಕ್ಕರೆ ಸೋಮವಾರ ಶಾಲೆ ತೆರೆದಾಗ ಮರಿಗಳು ಪೊರೆ ಬಿಡುತ್ತಿರುತ್ತವೆ.

ಮರಿಗಳು ಹೆಚ್ಚಾದರೆ ಬೇಗಂ ತಾಲಾಬಿಗೋ ಭೂತನಾಳ ಕೆರೆಗೋ ಬಿಡಬಹುದೇ ಎಂಬುದು ಕೊನೆಯ ಪ್ರಶ್ನೆ. ಬಿಡಬಾರದು. ತೊಟ್ಟಿಯ ಮೀನಿನ ಜೊತೆಗೆ ಅದರ ರೋಗಗಳೂ ಹೋಗುತ್ತವೆ, ಕೆರೆಗೆ ಅದರದೇ ಆದ ಸಣ್ಣ ಮೀನುಗಳಿವೆ. ಆಫ್ರಿಕಾದ ಕ್ಯಾಟ್‌ಫಿಶ್, ತಿಲಾಪಿಯಾಗಳು ನಮ್ಮ ನೀರುಗಳಲ್ಲಿ ಮಾಡಿದ ಹಾನಿ ಸಾಕು. ಬೇರೆ ಶಾಲೆಗಳಿಗೆ ಕೊಡಿ. ಬಸ್ಸಿನಲ್ಲಿ ಬಾಗಲಕೋಟೆಗೆ ಒಯ್ಯುವುದಾದರೂ ತೊಂದರೆಯಿಲ್ಲ: ಹಿಂದಿನ ದಿನ ಆಹಾರ ಕೊಡಬೇಡಿ, ಚೀಲದಲ್ಲಿ ಮೂರನೆಯ ಒಂದು ಭಾಗ ನೀರು, ಉಳಿದದ್ದು ಗಾಳಿ ಇರಲಿ, ಚೀಲವನ್ನು ಅಡ್ಡ ಮಲಗಿಸಿ, ಬಿಸಿಲು ತಾಗದಂತೆ ಒದ್ದೆ ಟವೆಲ್ ಸುತ್ತಿ. ಅಲ್ಲಿ ತಲುಪಿದ ಮೇಲೆ ಚೀಲವನ್ನು ಹೊಸ ತೊಟ್ಟಿಯ ನೀರಿನಲ್ಲಿ ಕಾಲು ಗಂಟೆ ತೇಲಿಬಿಟ್ಟು, ಸ್ವಲ್ಪ ಸ್ವಲ್ಪವೇ ಆ ನೀರನ್ನು ಚೀಲಕ್ಕೆ ಸೇರಿಸಿ, ಆಮೇಲೆ ಬಿಡಿ.